ನಿಂತ ಗಾಡಿ

ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸು ಬಂದ ಮೇಲೆ ನಮ್ಮ ಓಣಿಯ ಕಾರುಗಳಿಗೆ ಕೆಲಸ ಕಡಿಮೆಯಾಗಿದೆ. ಕೊಪ್ಪಿಕರ್ ರೋಡಿನಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವ ತಾಪತ್ರಯ ಯಾರಿಗೆ ಬೇಕು? ಕಾರಿದ್ದವರೂ ಜುಬಿಲಿ ಸರ್ಕಲ್ಲಿನ ತನಕ ನಡೆದು ಬಸ್ಸು ಹತ್ತುತ್ತಾರೆ. ಕಾರು ಕವರು ಹೊದ್ದು ಮಾವಿನ ಗಿಡದ ಬುಡಕ್ಕೆ ಬಿದ್ದಿರುತ್ತದೆ. ಮಾರಿಬಿಡಿ ಅಂದರೆ, "ಇರ್ಲಿ ಬಿಡ್ರಿ, ಹೊತ್ತಲ್ಲದ ಹೊತ್ತಿನ್ಯಾಗ ಬೇಕಾಗ್ತೈತಿ" ಅನ್ನುತ್ತಾರೆ. ಹೊತ್ತಲ್ಲದ ಹೊತ್ತು ಬರುತ್ತದೆ, ಕಾರು ಮಾತ್ರ ಚಾಲೂ ಆಗುವುದಿಲ್ಲ.

ನಿಂತ ಗಾಡಿಗೆ ಏನು ಖರ್ಚು ಅಂತ ನಾವು ಅಂದುಕೊಂಡಿರುತ್ತೇವೆ. ಆದರೆ ಗ್ವಾದಲಿಗೆ ಕಟ್ಟಿದ ಎತ್ತು ಹೊಲಕ್ಕೆ ಹೋಗದಿದ್ದರೂ ಮೇವು ತಿನ್ನುತ್ತದಲ್ಲ, ಹಾಗೆಯೇ ಇದೂ. ಕೀಲಿ ತೆಗೆದು ಬಾಗಿಲು ಹಾಕಿದ ಮೇಲೂ ಒಳಗೆ ಗಡಿಯಾರ ನಡೆಯುತ್ತಿರುತ್ತದೆ, ಕಳ್ಳನಿಗಾಗಿ ಅಲಾರಾಂ ಎಚ್ಚರ ಇರುತ್ತದೆ, ಯಾವ ಗಳಿಗೆಯಲ್ಲಿ ರಿಮೋಟಿನ ಗುಂಡಿ ಒತ್ತುತ್ತೀರೋ ಅಂತ ಲಾಕು ಕಿವಿ ತೆರೆದು ಕೂತಿರುತ್ತದೆ. ಇವೆಲ್ಲ ಕೂಡಿ 40 ಮಿಲಿಆಂಪಿಯರ್ ಎಳೆದರೂ ದಿನಕ್ಕೆ ಹತ್ತಿರ ಹತ್ತಿರ ಒಂದು ಆಂಪಿಯರ್-ಅವರ್ ಆಯಿತು. ಸಣ್ಣ ಕಾರಿನ ಬ್ಯಾಟರಿಯಲ್ಲಿ ಹಿಡಿಯುವುದೇ ಅಂಥ 35ರಷ್ಟು. ಒಂದು ತಿಂಗಳು ಮುಟ್ಟದೆ ಬಿಟ್ಟರೆ ಏನು ಉಳಿಯಿತು ಅಂತ ನೀವೇ ಹೇಳಿ. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. 12ಕ್ಕೆ ಇಳಿದರೆ ಬಹುತೇಕ ಖಾಲಿ. ನಡುವಿನ ಆ ಅರ್ಧ ವೋಲ್ಟಿನಲ್ಲೇ ನಮ್ಮ ಮಾನ-ಮರ್ಯಾದೆ ಎಲ್ಲ ಇರುವುದು. ಹಾಗೇ ಬಹಳ ದಿನ ಬಿಟ್ಟರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟಿನ ಹರಳು ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜಿಗೆ ಇಟ್ಟರೂ ಅದು ಮೊದಲಿನಂತಾಗುವುದಿಲ್ಲ.

ಇಂಥ ಮರ್ಯಾದೆ ಪ್ರಶ್ನೆ ಬೀದಿಗೆ ಬರುವುದು ಖಂಡೆಪೂಜೆಯ ದಿನ. ಮಳೆಗಾಲವಿಡೀ ನಿಂತಿದ್ದ ಕಾರನ್ನು ಎದುರು ಮನೆಯ ನಿವೃತ್ತ ಮಾಸ್ತರು ತೊಳೆಸಿ, ಚೆಂಡುಹೂವಿನ ಮಾಲೆ ಹಾಕಿ, ಕುಂಬಳಕಾಯಿ ಒಡೆದು, ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟರು. ಇನ್ನೇನು, ಗಾಡಿ ಮುಂದೆ ಬಂದು ನಿಂಬೆಹಣ್ಣು ಒಡೆಯಬೇಕು. ಮಾಸ್ತರು ಸೆಲ್ಫ್ ಹೊಡೆದರು. ಕಟ ಕಟ ಕಟ ಕಟ.

ಆ ಸಪ್ಪಳಕ್ಕೆ ಎಷ್ಟು ಬಾಗಿಲು ತೆರೆದವು ಅಂತೀರಿ! ಊಟಕ್ಕೆ ಕರೆದರೂ ಬಾರದವರು ಬಂದರು.

"ಪೆಟ್ರೋಲ್ ಐತೇನು ಮೊದ್ಲ ನೋಡ್ರಿ ಸರ."

"ಇಲಿ ವಾಯರ್ ಕಡದಿರಬೇಕು. ನಮ್ಮ ಮಾವನ ಗಾಡಿದು ಹಂಗ ಆಗಿತ್ತು."

"ಅಂಬಾಸಿಡರ್ ಇದ್ದಾಗ ಹ್ಯಾಂಡಲ್ ಇತ್ತು ನೋಡ್ರಿ, ಯಾರ ಹಂಗೂ ಇರ್ಲಿಲ್ಲ," ಅಂದರು ಮೂಲೆ ಮನೆಯ ಅಜ್ಜಾರು. ಹಂಗು ಇರಲಿಲ್ಲ ನಿಜ. ಆದರೆ ಆ ಹ್ಯಾಂಡಲ್ ತಿರುಗಿ ಹೊಡೆದರೆ ಮುಂಗೈ ಮುರಿಯುತ್ತಿತ್ತು. ಚಾರ್ಲ್ಸ್ ಕೆಟರಿಂಗ್ ಅನ್ನುವವನ ಎಲೆಕ್ಟ್ರಿಕ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರಿಗೆ ಬಂದಿದ್ದೂ ಆ ಕಾಟ ತಪ್ಪಿಸಲಿಕ್ಕೇ.

ನಿಜ ಹೇಳಬೇಕೆಂದರೆ ರೋಗ ಯಾವುದು ಅಂತ ಗಾಡಿ ತಾನೇ ಹೇಳಿತ್ತು, ಕೇಳುವವರು ಬೇಕಷ್ಟೆ. ಎಂಜಿನ್ನು ಗರಗರ ಚೆನ್ನಾಗಿ ತಿರುಗಿಯೂ ಹಿಡಿಯದಿದ್ದರೆ ಪೆಟ್ರೋಲು, ಸ್ಪಾರ್ಕು, ಇಲಿ ಎಲ್ಲ ನೋಡಬೇಕು. ಕಟಕಟ ಅಂದು, ಡ್ಯಾಶ್‌ಬೋರ್ಡಿನ ದೀಪಗಳು ಮಂಕಾದರೆ ಬ್ಯಾಟರಿ ಬಿಟ್ಟು ಬೇರೆಲ್ಲೂ ಹುಡುಕಬೇಕಿಲ್ಲ. ಬಾನೆಟ್ ಎತ್ತಿದೆವು. ಪ್ಲಸ್ ಟರ್ಮಿನಲ್ಲಿನ ಮೇಲೆ ಬಿಳಿಯೂ ಅಲ್ಲದ ಹಸಿರೂ ಅಲ್ಲದ ಹುಡಿ, ಬೆರಳು ತಾಗಿದರೆ ಉದುರುವಂಥದ್ದು, ಕ್ಲಾಂಪಿನ ನಟ್ಟೇ ಕಾಣದಷ್ಟು ಬೆಳೆದಿತ್ತು. ವೈಪರಿನ ಕೆಳಗಿನ ಜಾಲರಿಯಲ್ಲಿ ಮಾವಿನ ಎಲೆ ಕೊಳೆತು ಮಣ್ಣಾಗಿ, ಅದರಲ್ಲೊಂದು ಸಸಿ ಬೇರೆ ಎದ್ದಿತ್ತು. ಧಾರವಾಡದ ಮಳೆ ಬೇಡ ಅಂದರೂ ಬಿತ್ತನೆ ಮಾಡುತ್ತದೆ.

ಹುಡಿಗೆ ಔಷಧ ಅಡುಗೆಮನೆಯಲ್ಲೇ ಇತ್ತು. ಮಿರ್ಚಿ ಭಜಿಗೆ ಹಾಕುವ ಸೋಡಾವನ್ನು ಬಿಸಿನೀರಿಗೆ ಕಲಸಿ, ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಬುರುಬುರು ನೊರೆ ಬಂದು ಸೀಸ ಹೊಳೆಯಿತು. ಮತ್ತೆ ಜೋಡಿಸಿ ಸೆಲ್ಫ್ ಹೊಡೆದರೆ ಈ ಸಲ ಒಂದೇ ಒಂದು ಕಟ್. ಅದೂ ಪೂರ್ತಿ ಮನಸ್ಸಿಲ್ಲದೆ.

"ಧಕ್ಕಾ ಕೊಡೂಣು ತಗೀರಿ!" ಅಂತ ಹುಡುಗರು ಪಂಚೆ-ಪೈಜಾಮ ಮೇಲೆತ್ತಿದರು. ಎರಡನೇ ಗೇರು, ಕೀಲಿ ಆನ್, ಕ್ಲಚ್ ಒತ್ತಿ ಹಿಡಿದು, ಓಟ ಬಂದಾಗ ಥಟ್ಟನೆ ಬಿಡುವುದು. ಹಳೇ ಕಾರ್ಬುರೇಟರ್ ಗಾಡಿಗೆ ಇದು ಬ್ರಹ್ಮಾಸ್ತ್ರ. ಈಗಿನ ಗಾಡಿಯಲ್ಲಿ ಪೆಟ್ರೋಲು ಎತ್ತುವ ಪಂಪಿಗೂ ಕಂಪ್ಯೂಟರಿಗೂ ಚೂರು ಕರೆಂಟು ಬೇಕೇ ಬೇಕು. ಆಟೋಮ್ಯಾಟಿಕ್ ಆದರಂತೂ ನವಲೂರಿನ ತನಕ ದಬ್ಬಿದರೂ ಬೆವರು ಬರುತ್ತದೆಯೇ ಹೊರತು ಎಂಜಿನ್ ಹಿಡಿಯುವುದಿಲ್ಲ. ಮಾಸ್ತರರ ಗಾಡಿ ಗೇರಿನದೇ ಆದರೂ ಬ್ಯಾಟರಿ ಪೂರ್ತಿ ಮಲಗಿತ್ತು. ನಾಲ್ಕೂ ನಿಂಬೆಹಣ್ಣು ಮಾತ್ರ ಪಚಕ್ಕನೆ ಒಡೆದವು. ಶಾಸ್ತ್ರ ಮುಗಿಯಿತು ಅಂತ ಆಚಾರ್ರು ದಕ್ಷಿಣೆ ಇಸಿದುಕೊಂಡು ಹೊರಟರು.

ಲಾರಿ ಇದ್ದ ಪುಣ್ಯಾತ್ಮರೊಬ್ಬರು ವಾಯರ್ ಹಿಡಿದು ಬಂದರು. ಅವರನ್ನು ತಡೆಯುವುದೇ ದೊಡ್ಡ ಕೆಲಸ ಆಯಿತು. ದೊಡ್ಡ ಲಾರಿಯದು 24 ವೋಲ್ಟಿನ ಲೆಕ್ಕ, ಕಾರಿನ ಎಲೆಕ್ಟ್ರಾನಿಕ್ಸೆಲ್ಲ ಸುಟ್ಟುಹೋಗುತ್ತಿತ್ತು. ಕಡೆಗೆ ಕಾಯಿಪಲ್ಲೆ ಮಾರುವ ತಮ್ಮನ ಟಾಟಾ ಏಸ್ ಸಿಕ್ಕಿತು, ಅದರದು 12 ವೋಲ್ಟೇ. ಕೆಂಪು ಕೇಬಲ್ ಪ್ಲಸ್ಸಿನಿಂದ ಪ್ಲಸ್ಸಿಗೆ, ಕಪ್ಪು ಕೇಬಲ್ ಏಸಿನ ಮೈನಸ್ಸಿನಿಂದ ಕಾರಿನ ಎಂಜಿನ್ನಿನ ಬರಿ ಕಬ್ಬಿಣಕ್ಕೆ. ಬ್ಯಾಟರಿ ಹತ್ತಿರ ಹೈಡ್ರೋಜನ್ ಅನಿಲ ಇರುತ್ತದೆ, ಕೊನೆಯ ಕಿಡಿ ಅಲ್ಲಿ ಹಾರಬಾರದು. ಐದು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಬುರ್ರ್! ಓಣಿಗೆ ಓಣಿಯೇ ಚಪ್ಪಾಳೆ.

ಮಾಸ್ತರು ಖುಷಿಯಲ್ಲಿ ಕೀಲಿಗೆ ಕೈ ಹಾಕಿ, "ಆತಲ್ಲ, ಬಂದ್ ಮಾಡ್ಲೇನು? ಹೋಳಿಗಿ ಆರ್ತಾವ," ಅಂದರು. "ಬಂದ್ ಮಾಡಬ್ಯಾಡ್ರೀ!" ಅಂತ ಎಲ್ಲರೂ ಒಟ್ಟಿಗೆ ಕೂಗಿದೆವು. ಬಾಗಿಲಲ್ಲೇ ಐದು ನಿಮಿಷ ಗುರುಗುಟ್ಟಿಸಿ ಆರಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಅಷ್ಟರಲ್ಲಿ ಸ್ಟಾರ್ಟಿಗೆ ಕೊಟ್ಟ ಕರೆಂಟೂ ಎಂಜಿನ್ನಿನಿಂದ ಬ್ಯಾಟರಿಗೆ ವಾಪಸು ಬರುತ್ತದೋ ಇಲ್ಲವೋ. ಕಡೇಪಕ್ಷ ಅರ್ಧ ತಾಸು ರಸ್ತೆಯಲ್ಲಿ ಓಡಿಸಬೇಕು. ಹೀಗಾಗಿ ಮಾಸ್ತರು ಉಣಕಲ್ ಕೆರೆ ಕಡೆ ಹೊರಟರು. ಇಳಕಲ್ ಸೀರೆ ಉಟ್ಟಿದ್ದ ಅಕ್ಕೋರು ಹೋಳಿಗೆಯ ಡಬ್ಬಿ ಹಿಡಿದು ಓಡಿಬಂದು ಹತ್ತಿದರು. ಗಾಡಿ ತಿರುವಿನ ತನಕ ಹೋಗುವಷ್ಟರಲ್ಲಿ ಮೂಲೆ ಮನೆಯ ಅಜ್ಜಾರು ಗಟ್ಟಿಯಾಗಿ ಕೂಗಿದರು: "ಎಸಿ ಹಚ್ಚಬ್ಯಾಡ್ರಿ ಮತ್ತ!"