ಕ್ಲಚ್ ಒತ್ತಿಕೊಂಡೇ ನಿಂತರೆ ಏನೂ ಆಗಲ್ಲ ಅನ್ನೋದು ಅರ್ಧ ಸತ್ಯ

ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಸಿಗ್ನಲ್‌ನಲ್ಲಿ ಫಸ್ಟ್ ಗೇರ್ ಹಾಕಿ ಕ್ಲಚ್ ಪೂರ್ತಿ ಒತ್ತಿಕೊಂಡೇ ನಿಲ್ಲಿ, ಕ್ಲಚ್ ಸವೆಯೋದೇ ಇಲ್ಲ." ಪೂರ್ತಿ ಸುಳ್ಳಲ್ಲ, ಅದೇ ತೊಂದರೆ.

ಪೆಡಲ್ ತಳ ಮುಟ್ಟಿದಾಗ ಕ್ಲಚ್ ಪ್ಲೇಟ್ ಎಂಜಿನ್ ಜೊತೆ ತಿರುಗುವ ಫ್ಲೈವೀಲ್‌ನಿಂದ ಬಿಟ್ಟುಕೊಂಡಿರುತ್ತದೆ, ಹಾಗಾಗಿ ಪ್ಲೇಟ್ ಸವೆಯುವುದಿಲ್ಲ, ಸರಿ. ಆದರೆ ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಅಂತ ಒಂದಿದೆಯಲ್ಲ, ಅದು ಅಷ್ಟೂ ಹೊತ್ತು ಕ್ಲಚ್ ಸ್ಪ್ರಿಂಗಿನ ಒತ್ತಡ ತಡೆದುಕೊಂಡು ತಿರುಗುತ್ತಲೇ ಇರುತ್ತದೆ. ಅದು ಕೆಟ್ಟರೆ ಸಾಮಾನ್ಯವಾಗಿ ಗೇರ್‌ಬಾಕ್ಸನ್ನೇ ಇಳಿಸಬೇಕು. ಲೇಬರ್ ಚಾರ್ಜ್ ಕೇಳಿದರೆ ಗೊತ್ತಾಗುತ್ತೆ.

ಅದಕ್ಕೇ ನ್ಯೂಟ್ರಲ್‌ಗೆ ಹಾಕಿ ಕಾಲು ತೆಗೆಯಿರಿ, ಅಷ್ಟೇ. ಸಿಲ್ಕ್ ಬೋರ್ಡ್ ಹತ್ತಿರ ಸಂಜೆ ಹೊತ್ತು ಮುಂದಿನ ಗಾಡಿ ಒಂದಡಿ ಸರಿಯಿತು ಅಂತ ಅರ್ಧ ಕ್ಲಚ್‌ನಲ್ಲಿ ನೀವೂ ತೆವಳಬೇಡಿ, ಪ್ಲೇಟ್ ಬಿಸಿಯಾಗಿ ಸವೆಯುವುದು ಅಲ್ಲೇ. ಒಂದು ಕಾರಿನಷ್ಟು ಜಾಗ ಆಗಲಿ, ಆಮೇಲೆ ಹೋಗಿ. ಆ ಜಾಗಕ್ಕೆ ಆಟೋ ನುಗ್ಗುತ್ತದೆ, ಅದೂ ಗೊತ್ತು.

ಅದೇ ಮೆಸೇಜ್‌ನಲ್ಲಿ "ಹಳೇ ಕಾರು ಅಂದ್ರೆ ಕ್ಲಚ್ ಹಾರ್ಡ್ ಇರೋದೇ" ಅಂತಲೂ ಇದೆ. ಹಾಗೇನಿಲ್ಲ. ನನ್ನ ಹಳೇ ಕಾರಿನ ಪೆಡಲ್ ಒತ್ತಿ ಒತ್ತಿ ಎಡ ಮಂಡಿ ಹಿಡಿದುಕೊಳ್ಳುತ್ತಿತ್ತು, ನಾನೂ ಸುಮ್ನೆ ವಯಸ್ಸಾಯ್ತು ಅಂದುಕೊಂಡಿದ್ದೆ (ಕಾರಿಗೋ ನನಗೋ ಕೇಳಬೇಡಿ). ಬಿಚ್ಚಿ ನೋಡಿದರೆ ಕ್ಲಚ್ ಕೇಬಲ್ಲಿನ ಎರಡು ಎಳೆ ಕಿತ್ತು ಒಳಗೆಲ್ಲ ಉಜ್ಜುತ್ತಿದ್ದವು. ಕೇಬಲ್ ಬದಲಿಸಿದ ಮೇಲೆ ಪೆಡಲ್ ಹಗುರ. ಪ್ಲೇಟ್ ಸವೆದಾಗಲೂ ಪೆಡಲ್ ಬಿಗಿಯಾಗುತ್ತದೆ, ಆದರೆ ಮೊದಲು ಕೇಬಲ್ ನೋಡಿಸಿ.