ಸತ್ಯಾಂಶ: ಉಕ್ರೇನ್ ನಿರಾಶ್ರಿತರಿಗೆ ಜೀವನಪೂರ್ತಿ ಪುಕ್ಕಟೆ ಸಂಬಳವೇ?

“ಉಕ್ರೇನಿನಿಂದ ಓಡಿಬಂದವರಿಗೆ ಯುರೋಪಿನಲ್ಲಿ ಜೀವನಪೂರ್ತಿ ಪುಕ್ಕಟೆ ಸಂಬಳ, ಯಾರೂ ದುಡಿಯೋದಿಲ್ಲ” ಎಂಬ ಸಂದೇಶ ರಾಣೆಬೆನ್ನೂರಿನ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂತು. ಓದಿ ಸಂಕಟವಾಯಿತು. ನಮ್ಮ ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಜೀವ ಕಳೆದುಕೊಂಡದ್ದು ಇದೇ ಯುದ್ಧದಲ್ಲಿ.

ಸಂದೇಶ ಸುಳ್ಳು. ಆ ಮಾರ್ಚ್ 4ರಂದು ಐರೋಪ್ಯ ಒಕ್ಕೂಟ ಕೊಟ್ಟದ್ದು ತಾತ್ಕಾಲಿಕ ರಕ್ಷಣೆ. ಅದರಲ್ಲಿ ದುಡಿಯುವ ಹಕ್ಕೂ ಇದೆ. ಜರ್ಮನಿಯಲ್ಲಿ ಸರ್ಕಾರದ ನೆರವು ಸಿಗುವುದು ನಿಜ, ಆದರೆ ಷರತ್ತಿನ ಮೇಲೆ. ಪೋಲೆಂಡಿನಲ್ಲಂತೂ ದುಡಿಯುವ ವಯಸ್ಸಿನ ಹೆಚ್ಚಿನವರು ಕೆಲಸದಲ್ಲಿದ್ದಾರೆ.

ಉಕ್ರೇನಿನಿಂದ ಬಂದ ಡಾಕ್ಟರುಗಳನ್ನೇ ನೋಡಿ. ಜರ್ಮನಿಯಲ್ಲಿ ಮತ್ತೆ ವೃತ್ತಿಗಿಳಿಯಲು ವೈದ್ಯಕೀಯ ಜರ್ಮನ್ ಭಾಷೆಯ ಪರೀಕ್ಷೆ ಪಾಸಾಗಬೇಕು: 20 ನಿಮಿಷ ರೋಗಿಯ ಪಾತ್ರಧಾರಿಯನ್ನು ವಿಚಾರಿಸಬೇಕು, 20 ನಿಮಿಷದಲ್ಲಿ ವರದಿ ಬರೆಯಬೇಕು, ಇನ್ನೊಂದು 20 ನಿಮಿಷ ಅದನ್ನು ವೈದ್ಯರಿಗೆ ವಿವರಿಸಬೇಕು. ಊರಲ್ಲಿ ಇಪ್ಪತ್ತು ವರ್ಷ ನಾಡಿ ಹಿಡಿದವರಿಗೂ ಇದೇ ನಿಯಮ. ಪದವಿಯ ಪರಿಶೀಲನೆ ಬೇರೆ.