ಘಟ್ಟದ ರಸ್ತೆಗೆ ಚಾಲಕನಿಲ್ಲದ ಕಾರು: ಪರ – ವಿರೋಧ

ಪ್ರಶ್ನೆ: ತಾನೇ ಓಡುವ ಕಾರು ಉತ್ತರ ಕನ್ನಡದ ರಸ್ತೆಗಳಿಗೆ ಬರಬೇಕೇ?

ಪರ: ಬರಲಿ, ಯಂತ್ರಕ್ಕೆ ನಿದ್ದೆ ಬರುವುದಿಲ್ಲ

ಶುಕ್ರವಾರ ಸಂಜೆ ಆಫೀಸು ಮುಗಿಸಿ ಬೆಂಗಳೂರು ಬಿಟ್ಟ ಕಾರುಗಳು ಗೋಕರ್ಣ, ಮುರ್ಡೇಶ್ವರದ ದಾರಿಯಲ್ಲಿ ಘಟ್ಟ ಇಳಿಯುವುದು ನಸುಕಿಗೆ. ಇಡೀ ದಿನ ದುಡಿದು ಇಡೀ ರಾತ್ರಿ ಸ್ಟೀರಿಂಗ್ ಹಿಡಿದವನಿಗೆ ಕಣ್ಣು ಎಳೆಯುವುದೂ ಆಗಲೇ, ತಿರುವುಗಳು ಶುರುವಾಗುವುದೂ ಆಗಲೇ. ಲಾರಿಗಳವರ ಪಾಡೂ ಬೇರೆಯಲ್ಲ. 2025ರ ಜನವರಿ 22ರ ನಸುಕಿನಲ್ಲಿ, ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ ತರುತ್ತಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಹತ್ತಿರ ಕಂದಕಕ್ಕೆ ಉರುಳಿ ಹತ್ತು ಮಂದಿ ಸತ್ತರು. ಇನ್ನೊಂದು ವಾಹನಕ್ಕೆ ಸೈಡ್ ಕೊಡಲು ಹೋದಾಗ ಹೀಗಾಯಿತೆಂಬ ವರದಿ ಬಂತು.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಕೇಂದ್ರ ಸಾರಿಗೆ ಸಚಿವಾಲಯದ್ದೇ ಲೆಕ್ಕ ಇದು. ಇದರಲ್ಲಿ ಮುಕ್ಕಾಲು ಪಾಲಿನ ಹತ್ತಿರ ಅತಿವೇಗದ ಖಾತೆಗೆ ಹೋಗುತ್ತದೆ. ಅಂದರೆ ಕೊಂದದ್ದು ಹೆಚ್ಚಾಗಿ ಮನುಷ್ಯನ ಅವಸರ, ಅಮಲು, ತೂಕಡಿಕೆ. ಯಂತ್ರಕ್ಕೆ ಈ ಮೂರೂ ಇಲ್ಲ. ಅದು ನಾಲ್ಕೂ ದಿಕ್ಕನ್ನು ಒಟ್ಟಿಗೇ ನೋಡುತ್ತದೆ. ದೇವಿಮನೆ ಘಟ್ಟದಲ್ಲಿ ಮಂಜು ಕವಿದು ಹೆಡ್‌ಲೈಟಿನ ಬೆಳಕು ಮುಖಕ್ಕೇ ರಾಚುವಾಗ ಕ್ಯಾಮೆರಾ ಸೋತರೂ ರೇಡಾರ್ ಮುಂದಿನ ಲಾರಿಯನ್ನು ಕಾಣಬಲ್ಲದು.

ಇದು ಕಲ್ಪನೆಯ ಮಾತಲ್ಲ. ಅಮೆರಿಕದ ಫೀನಿಕ್ಸ್ ಸುತ್ತ ವೇಮೋ ಕಂಪನಿಯ ಟ್ಯಾಕ್ಸಿಗಳು 2020ರಿಂದಲೇ ಚಾಲಕನಿಲ್ಲದೆ ಸಾರ್ವಜನಿಕರನ್ನು ಸಾಗಿಸುತ್ತಿವೆ. 2024ರಲ್ಲಿ ಸ್ವಿಸ್ ರೀ ವಿಮಾ ಕಂಪನಿಯ ಜೊತೆ ಸೇರಿ ಹೊರತಂದ ಅಧ್ಯಯನದಲ್ಲಿ, ಸುಮಾರು 2.5 ಕೋಟಿ ಮೈಲಿಗಳ ಓಟಕ್ಕೆ ಗಾಯದ ಪರಿಹಾರದ ಕ್ಲೇಮುಗಳು ಮನುಷ್ಯರು ಓಡಿಸುವ ಕಾರುಗಳಿಗಿಂತ ಶೇ. 92ರಷ್ಟು ಕಡಿಮೆ ಬಂದವು. ಕಂಪನಿಯೇ ಪಾಲುಗೊಂಡ ಅಧ್ಯಯನ, ಸರಿ, ಸ್ವಲ್ಪ ಉಪ್ಪು-ಖಾರ ಕಳೆದೇ ಓದಿ. ಆದರೂ ಉಳಿಯುವುದು ಚಿಕ್ಕ ಅಂಕಿಯಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಕಾಣುವುದು ಬೇರೆ. ಸಿರಸಿ, ಸಿದ್ದಾಪುರದ ಕಡೆ ಹಳ್ಳಿಗೆ ಹೋಗಿ ನೋಡಿ. ಅಡಿಕೆ ತೋಟದ ಅಂಚಿಗೆ ದೊಡ್ಡ ಮನೆ, ಒಳಗೆ ವಯಸ್ಸಾದ ಇಬ್ಬರೇ. ಮಕ್ಕಳು ಬೆಂಗಳೂರು, ಪುಣೆ, ಅದಕ್ಕೂ ಆಚೆ. ಅಂಗಳದಲ್ಲಿ ಕಾರಿದೆ, ಓಡಿಸುವವರಿಲ್ಲ. ಅಪ್ಪನಿಗೆ ಕಣ್ಣಿನ ಪೊರೆ, ಅಮ್ಮ ಡ್ರೈವಿಂಗ್ ಕಲಿಯಲೇ ಇಲ್ಲ. ಕೊನೆಯ ಬಸ್ಸು ಹೋದ ಮೇಲೆ ಎದೆ ನೋವು ಬಂದರೆ ಪಕ್ಕದ ಕೇರಿಯ ಹುಡುಗನನ್ನು ಎಬ್ಬಿಸಬೇಕು. ಅವನೂ ಊರು ಬಿಟ್ಟಿದ್ದರೆ? ಇವರ ಪಾಲಿಗೆ ತಾನೇ ಓಡುವ ಕಾರು ಶೋಕಿಯಲ್ಲ.

ವಿರೋಧ: ಬೇಡ, ಈ ರಸ್ತೆಯ ಭಾಷೆ ಅದಕ್ಕೆ ಬರುವುದಿಲ್ಲ

2.5 ಕೋಟಿ ಮೈಲಿ ಓಡಿದ್ದು ಎಲ್ಲಿ ಎಂದು ಮೊದಲು ಕೇಳಬೇಕು. ಇಂಚಿಂಚೂ ಅಳೆದು ನಕ್ಷೆ ಮಾಡಿಟ್ಟ, ಬಿಳಿ ಗೆರೆ ಎಳೆದ ನಗರಗಳಲ್ಲಿ. ನಮ್ಮಲ್ಲಿ ನಕ್ಷೆಯೇ ಹೊಳೆಗೆ ಹೋಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲಿದ್ದವರು, ವಾಹನಗಳು ಗಂಗಾವಳಿ ನದಿಯ ಪಾಲಾದವು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕಾಳಿ ನದಿಯ ಹಳೇ ಸೇತುವೆ ಮುರಿದು ಲಾರಿಯೊಂದು ನೀರಿಗೆ ಬಿತ್ತು. ಅಲ್ಲಿ ಮನುಷ್ಯ ಚಾಲಕನೂ ತಿಳಿಯದೆ ಬಿದ್ದ, ಒಪ್ಪುತ್ತೇನೆ. ಆದರೆ ಮಳೆಗಾಲದಲ್ಲಿ ಯಾವ ದಾರಿ ತೆರೆದಿದೆ, ಎಲ್ಲಿ ಧರೆ ಜರಿಯುವಂತಿದೆ ಎಂಬ ಸುದ್ದಿ ಇಲ್ಲಿ ಓಡಾಡುವುದು ಚಹಾ ಅಂಗಡಿಯಲ್ಲಿ, ಎದುರು ಬಂದ ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಹಾಕಿ ಕೂಗುವ ಮಾತಿನಲ್ಲಿ.

ಘಟ್ಟದ ನಡುವೆ ಒಂದು ಹಿಡಿ ಹಸಿ ಸೊಪ್ಪು ಬಿದ್ದಿದ್ದರೆ, ಮುಂದಿನ ತಿರುವಿನಲ್ಲಿ ಲಾರಿ ಕೆಟ್ಟು ನಿಂತಿದೆ ಎಂದು ನಮ್ಮ ಮಕ್ಕಳಿಗೂ ಗೊತ್ತು. ಕ್ಯಾಮೆರಾಕ್ಕೆ ಅದು ಗಾಳಿಗೆ ಮುರಿದ ಟೊಂಗೆ. ಮುಂದಿನ ಲಾರಿ ಬಲ ಇಂಡಿಕೇಟರ್ ಹಾಕಿದರೆ ಬಲಕ್ಕೆ ತಿರುಗುತ್ತೇನೆ ಎಂದೂ ಆಗಬಹುದು, ನೀನು ಮುಂದೆ ಹೋಗು ಎಂದೂ ಆಗಬಹುದು. ಲಾರಿಯ ವೇಗ, ರಸ್ತೆಯ ಅಗಲ, ಕ್ಲೀನರನ ಕೈ ನೋಡಿ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಮಳೆಗಾಲದ ರಾತ್ರಿ ಹೆದ್ದಾರಿಯಲ್ಲೇ ಮಲಗುವ ದನಗಳು, ಬೆಳಗಿನ ಜಾವ ಯಕ್ಷಗಾನ ಮುಗಿಸಿ ರಸ್ತೆ ತುಂಬ ನಡೆದು ಬರುವ ಜನ, ಇವರ ನಡುವೆ ಆ ಕಾರು ಸುರಕ್ಷಿತವಾಗಿ ಮಾಡಬಹುದಾದದ್ದು ಒಂದೇ: ನಿಂತುಬಿಡುವುದು. ನಿಂತ ಟ್ಯಾಕ್ಸಿಗೆ ಅಮೆರಿಕದಲ್ಲಿ ದೂರದ ಕಚೇರಿಯಿಂದ ಸಲಹೆ ಬರುತ್ತದೆ. ಘಟ್ಟದ ತಿರುವಿನಲ್ಲಿ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲದ ಕಡೆ ಸಲಹೆ ಬರುವುದು ಎಲ್ಲಿಂದ? ಹಿಂದೆ ಹತ್ತು ಬಸ್ಸು ಹಾರ್ನ್ ಹೊಡೆಯುತ್ತಿರುತ್ತವೆ.

ತಪ್ಪಾದರೆ ಹೊಣೆ ಯಾರದು? 2018ರ ಮಾರ್ಚ್‌ನಲ್ಲಿ ಅರಿಜೋನಾದ ಟೆಂಪಿಯಲ್ಲಿ ಊಬರ್‌ನ ಪ್ರಯೋಗದ ಕಾರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯನ್ನು ಕೊಂದಿತು. ಕ್ರಿಮಿನಲ್ ಕೇಸು ಬಿದ್ದದ್ದು ಕಂಪನಿಯ ಮೇಲಲ್ಲ, ಉಸ್ತುವಾರಿಗೆಂದು ಸೀಟಿನಲ್ಲಿ ಕೂರಿಸಿದ್ದ ನೌಕರಳ ಮೇಲೆ. 2023ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕ್ರೂಸ್ ಕಂಪನಿಯ ಕಾರು ಕೆಳಗೆ ಸಿಲುಕಿದ ಪಾದಚಾರಿಯನ್ನು ಎಳೆದುಕೊಂಡೇ ಹೋಯಿತು. ಕಾರಿನಡಿ ಮನುಷ್ಯರಿದ್ದಾರೆಂದು ಅದಕ್ಕೆ ತಿಳಿಯಲಿಲ್ಲ. ನಮ್ಮ 1988ರ ಮೋಟಾರು ವಾಹನ ಕಾಯ್ದೆಗೆ ಗೊತ್ತಿರುವುದು ಲೈಸೆನ್ಸ್ ಇರುವ ಚಾಲಕ ಮಾತ್ರ.

ಡ್ರೈವರ್‌ಗಳ ಹೊಟ್ಟೆಪಾಡಿಗೆ ಇಂಥ ಕಾರು ಕುತ್ತು ಎಂಬ ಮಾತನ್ನು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು 2017ರಿಂದಲೂ ಹೇಳುತ್ತಿದ್ದಾರೆ, ನಾನು ಉದ್ದ ಮಾಡುವುದಿಲ್ಲ.

ಇನ್ನು ಆ ತೋಟದ ಮನೆಯ ಹಿರಿಯರು. ಅವರ ಕಷ್ಟ ನಿಜ, ಆದರೆ ಅಂಥ ಕಾರನ್ನು ಕೊಳ್ಳಲು ಎಷ್ಟು ಮನೆಗಳಿಗೆ ಸಾಧ್ಯ? ಕೊಂಡರೂ ದೊಡ್ಡ ಕಾಯಿಲೆಗೆ ಅದು ಓಡಬೇಕಾದದ್ದು ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾಕ್ಕೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಟೋಲ್‌ಗೇಟಿಗೆ ಬಡಿದು ನಾಲ್ವರು ಸತ್ತಾಗ ಜಿಲ್ಲೆಯ ಜನ ಕೇಳಿದ್ದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು. ಈಗಿನ ಬಸ್ಸು, ಲಾರಿಗಳಿಗೆ ತೂಕಡಿಕೆ ಎಚ್ಚರಿಸುವ ಅಲಾರಂ, ಅಡ್ಡ ಬಂದರೆ ತಾನೇ ಬೀಳುವ ಬ್ರೇಕು ಹಾಕಿಸಿ, ನನ್ನದೇನೂ ತಕರಾರಿಲ್ಲ. ಸ್ಟೀರಿಂಗ್ ಸದ್ಯಕ್ಕೆ ಸೊಪ್ಪಿನ ಅರ್ಥ ಗೊತ್ತಿರುವವನ ಕೈಯಲ್ಲಿರಲಿ.